ಯಾವ ರೋಗಕ್ಕೆ ನಿರೋಧಕ?
‘ರೋಗ ನಿರೋಧಕ ಲಿಲ್ಲಿ ತಳಿ ನೆಟ್ಟರೆ ಔಷಧಿ ಹೊಡೆಯುವ ಗೋಜೇ ಇಲ್ಲ’ ಅಂತ ಬರೆದಿದ್ದೀರಿ. ಯಾವ ರೋಗಕ್ಕೆ ಅಂತ ಹೇಳಬೇಕಲ್ವಾ? ಏಷಿಯಾಟಿಕ್ ಅನ್ನೋ ಲಿಲ್ಲಿ ಗುಂಪಿಗೆ ಗಡ್ಡೆ ಕೊಳೆಸುವ ಫ್ಯುಸೇರಿಯಂ ಶಿಲೀಂಧ್ರ ತಡೆಯುವ ಶಕ್ತಿ ಜಾಸ್ತಿ. ಎಲೆ ಸುಡುವ ಬೊಟ್ರೈಟಿಸ್ ಶಿಲೀಂಧ್ರ ಬಂದರೆ ಸುಲಭವಾಗಿ ಸೋಲುತ್ತದೆ. ಓರಿಯೆಂಟಲ್ ಅನ್ನೋ ಇನ್ನೊಂದು ಲಿಲ್ಲಿ ಗುಂಪಿನದು ಹೆಚ್ಚುಕಡಿಮೆ ಉಲ್ಟಾ. ಎರಡೂ ಗುಣ ಒಂದೇ ಗಿಡಕ್ಕೆ ಬರಲಿ ಅಂತ ಎರಡನ್ನೂ ಸುಮ್ನೆ ಕ್ರಾಸ್ ಮಾಡಿದರೆ ಬೀಜ ಕಟ್ಟುವುದು ಕಷ್ಟ, ಎಳೆ ಭ್ರೂಣ ಬಿಡಿಸಿ ಲ್ಯಾಬಿನಲ್ಲಿ ಬೆಳೆಸಬೇಕಾಗುತ್ತದೆ.

ಧಾರವಾಡದ ನಮ್ಮ ಹಿತ್ತಲಲ್ಲಿ ಏಷಿಯಾಟಿಕ್ ಹಾಕಿದ್ದೆ, ಎರಿ ಮಣ್ಣಿಗೆ ಅರ್ಧ ಮರಳು ಬೆರೆಸಿ. (ನೀರು ನಿಂತರೆ ಯಾವ ತಳಿಯೂ ಉಳಿಯಲ್ಲ.) ಆಷಾಢದ ಜಿಟಿಜಿಟಿ ಮಳೆ ಒಂದು ವಾರ ಹಿಡಿಯಿತು. ಎಲೆ ತುಂಬ ಕಂದು ಚುಕ್ಕೆ, ಮೊಗ್ಗಿನ ಮೇಲೆ ಬೂದು ಬೂಸ್ಟು. ಗಡ್ಡೆ ಅಗೆದು ನೋಡಿದರೆ ಬೆಳ್ಳುಳ್ಳಿ ಹಾಗೆ ಬೆಳ್ಳಗೆ, ಗಟ್ಟಿ!