ರನ್‌ವೇ ನೇರಕ್ಕೆ ಹೊಸ ಬಡಾವಣೆ: ಅನುಮತಿ ನಿಲ್ಲಬೇಕೇ?

ಪರ: ಗೆರೆ ಈಗಲೇ ಎಳೆಯಿರಿ

ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದಾಗ ಇದ್ದದ್ದು ಒಂದೇ ರನ್‌ವೇ. 2019ರ ಡಿಸೆಂಬರ್‌ನಲ್ಲಿ ದಕ್ಷಿಣದ ರನ್‌ವೇ ಸೇರಿತು. ಎರಡೂ ಪೂರ್ವ-ಪಶ್ಚಿಮ ದಿಕ್ಕಿನವು, ಹಾಗಾಗಿ ಸದ್ದು ನಿಲ್ದಾಣದ ಸುತ್ತ ವೃತ್ತಾಕಾರವಾಗಿ ಹರಡುವುದಿಲ್ಲ. ಎರಡೂ ತುದಿಗಳಿಂದ ನಾಲಿಗೆಯಂತೆ ಉದ್ದಕ್ಕೆ ಚಾಚುತ್ತದೆ. ಸೈಟು ನೋಡಲು ಬರುವವರು 'ಏರ್‌ಪೋರ್ಟ್‌ಗೆ ಎಷ್ಟು ಕಿಲೋಮೀಟರ್' ಎಂದೇ ಕೇಳುತ್ತಾರೆ. ಕೇಳಬೇಕಾದ್ದು, ರನ್‌ವೇ ನೇರದಿಂದ ಎಷ್ಟು ಪಕ್ಕಕ್ಕಿದೆ ಎಂದು. ಇಳಿಯುವ ವಿಮಾನ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇ ತುದಿಯಿಂದ 5 ಕಿ.ಮೀ. ಆಚೆ ಅದರ ಎತ್ತರ ಸುಮಾರು 275 ಮೀಟರ್. 2 ಕಿ.ಮೀ. ಅಂತರದಲ್ಲಿ 120 ಮೀಟರ್ ಅಷ್ಟೇ.

ಕಾನೂನಿನ ಲೆಕ್ಕ ಇನ್ನೂ ವಿಚಿತ್ರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಾರಿ ವಿಮಾನ ಏರಿಳಿಯುವ ನಿಲ್ದಾಣಗಳಿಗೆ 2018ರ ಕೇಂದ್ರ ಅಧಿಸೂಚನೆ ಕೊಟ್ಟಿರುವ ಮಿತಿ ಹಗಲು 70, ರಾತ್ರಿ 65. ಬೆಂಗಳೂರು ಆ ಗಡಿಯನ್ನು ಎಂದೋ ದಾಟಿದೆ. ರಾತ್ರಿಯ 20 ಡೆಸಿಬೆಲ್ ಅಂತರವೆಂದರೆ ಶಬ್ದದ ಶಕ್ತಿಯಲ್ಲಿ ನೂರು ಪಟ್ಟು. ಇಷ್ಟು ಅಂತರವಿರುವ ಜಾಗವನ್ನು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ವಸತಿಯ ಹಳದಿ ಬಣ್ಣದಲ್ಲಿ ತೋರಿಸುವುದೇ ತಪ್ಪು. ಇಂಥ ಜಾಗವನ್ನು ಶಬ್ದವಲಯವೆಂದು ಗೆರೆ ಎಳೆದು ಗುರುತಿಸಿ, ಅದರೊಳಗೆ ಹೊಸ ಬಡಾವಣೆಗೆ ಅನುಮತಿ ನಿಲ್ಲಿಸಬೇಕು.

ಇವೆಲ್ಲ ಸರಾಸರಿ ಅಂಕಿಗಳು ಎಂಬುದನ್ನೂ ಮರೆಯಬಾರದು. ಹಾರಾಟ ದುಪ್ಪಟ್ಟಾದರೂ ಸರಾಸರಿ ಏರುವುದು ಕೇವಲ 3 ಡೆಸಿಬೆಲ್, ಆದರೆ ನಿದ್ದೆ ಕೆಡುವ ಸಂದರ್ಭಗಳು ದುಪ್ಪಟ್ಟಾಗುತ್ತವೆ. ಆದ್ದರಿಂದ ಶಬ್ದವಲಯದ ನಕ್ಷೆಗೆ ಈ ವರ್ಷದ ಹಾರಾಟದ ಲೆಕ್ಕ ಸಾಲದು. ಎರಡೂ ರನ್‌ವೇ ಪೂರ್ತಿ ತುಂಬಿದ ದಿನವನ್ನು ಇಟ್ಟುಕೊಂಡೇ ಅದನ್ನು ಬರೆಯಬೇಕು.

ಇನ್ನೊಂದು ಗೊಂದಲ 'ಏರ್‌ಪೋರ್ಟ್ ಎನ್‌ಒಸಿ' ಕುರಿತದ್ದು. ವಿಮಾನ ನಿಲ್ದಾಣ ಪ್ರಾಧಿಕಾರ ಕೊಡುವ ಆ ಪತ್ರ ಕಟ್ಟಡದ ಎತ್ತರಕ್ಕೆ ಮಾತ್ರ ಸಂಬಂಧಿಸಿದ್ದು. ನೀರಿನ ಟ್ಯಾಂಕು, ಆಂಟೆನಾ ಸೇರಿ ತುದಿ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೀರಬಾರದು ಎಂದು ಅದು ಹೇಳುತ್ತದೆ, ಸದ್ದಿನ ಸುದ್ದಿಗೇ ಹೋಗುವುದಿಲ್ಲ. ಬ್ರೋಷರ್‌ನಲ್ಲಿ ಮಾತ್ರ ಅದೇ ಪತ್ರ ಸಕಲ ರೋಗಕ್ಕೂ ಮದ್ದು!

ಗೋದಾಮು, ಶೈತ್ಯಾಗಾರ, ದ್ರಾಕ್ಷಿ ತೋಟ, ಇವಕ್ಕೆಲ್ಲ ರಾತ್ರಿ ನಿದ್ದೆಯ ಚಿಂತೆಯಿಲ್ಲ. ನೇರದ ಜಾಗ ಅವಕ್ಕಿರಲಿ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಕನಕಪುರ ರಸ್ತೆ, ಕುಣಿಗಲ್ ರಸ್ತೆ ಕಡೆ ಜಾಗ ಹುಡುಕಾಟ ನಡೆದಿದೆ. ಅಲ್ಲಾದರೂ ಮೊದಲ ಸೈಟು ಮಾರಾಟವಾಗುವ ಮುನ್ನವೇ ಗೆರೆ ಬೀಳಬೇಕು.

ವಿರೋಧ: ಗೆರೆಯ ಬೆಲೆ ತೆರುವವರು ಯಾರು?

ನಕ್ಷೆಯ ಮೇಲೆ ಗೆರೆ ಎಳೆಯಲು ಪೆನ್ಸಿಲ್ ಸಾಕು. ಅದರೊಳಗೆ ಸಿಕ್ಕ ಎರಡು ಎಕರೆಯ ಒಡೆಯನಿಗೆ ಬೆಲೆ ಅರ್ಧಕ್ಕಿಳಿದರೂ ಬಿಡಿಗಾಸಿನ ಪರಿಹಾರವಿಲ್ಲ, ಏಕೆಂದರೆ ಇದು ಭೂಸ್ವಾಧೀನವಲ್ಲ, ಬರೀ 'ವಲಯ ನಿಯಂತ್ರಣ'. ಸದ್ದು ಮಾಡುವುದು ನಿಲ್ದಾಣ, ನಷ್ಟ ರೈತನದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಡಬೇಕಾಯಿತು, ಅದೂ ವರ್ಷಗಟ್ಟಲೆ ಧರಣಿಯಾದ ಮೇಲೆ. ಅಲ್ಲಿನವರಿಗೆ ಇನ್ನೊಂದು ಗೆರೆ ತೋರಿಸಿದರೆ ನಂಬುವುದು ಹೇಗೆ?

ನಿಷೇಧ ಹಾಕಿದ ಮಾತ್ರಕ್ಕೆ ಮನೆ ಏಳುವುದು ನಿಲ್ಲುವುದೂ ಇಲ್ಲ. ಅನುಮೋದಿತ ಬಡಾವಣೆ ಇಲ್ಲದ ಕಡೆ ಕಂದಾಯ ನಿವೇಶನ ಏಳುತ್ತದೆ. ಅಲ್ಲಿ ಕೂಲಿಕಾರರಿಗೆಂದು ಶೀಟು ಹೊದಿಸಿದ ವಠಾರ. ಸದ್ದಿಗೆ ಅತಿ ದುರ್ಬಲವಾದ ಛಾವಣಿ ಅದೇ.

ಅದರ ಬದಲು ಹೇಗೆ ಕಟ್ಟಬೇಕೆಂದು ನಿಯಮ ಮಾಡಿ. ಎರಡೂ ಕಡೆ ಗಾರೆ ಬಳಿದ 9 ಇಂಚಿನ ಇಟ್ಟಿಗೆ ಗೋಡೆ 50 ಡೆಸಿಬೆಲ್ ಆಸುಪಾಸು ತಡೆಯುತ್ತದೆ. 5 ಇಂಚಿನ ಆರ್‌ಸಿಸಿ ತಾರಸಿಯೂ ಕಡಿಮೆಯೇನಲ್ಲ. ತೆರೆದ ಕಿಟಕಿ ತಡೆಯುವುದು 10ರಿಂದ 15 ಮಾತ್ರ, ಸೋರುವುದೆಲ್ಲ ಅಲ್ಲೇ. ಗೋಡೆಯ ವಿಸ್ತೀರ್ಣದಲ್ಲಿ ಶೇ 1ರಷ್ಟು ಕಂಡಿ ಉಳಿದರೂ ಇಡೀ ಗೋಡೆಯ ತಡೆ 20 ಡೆಸಿಬೆಲ್ ಹತ್ತಿರಕ್ಕೆ ಕುಸಿಯುತ್ತದೆ. 10 ಅಡಿ ಎತ್ತರ, 12 ಅಡಿ ಅಗಲದ ಗೋಡೆಯಲ್ಲಿ ಅದು ಚದರಡಿಗಿಂತ ತುಸು ಹೆಚ್ಚು, ಅಂದರೆ ಒಂದು ಗವಾಕ್ಷಿಯಷ್ಟು.

ಬಿಲ್ಡರ್‌ಗಳಿಗೆ ಅಚ್ಚುಮೆಚ್ಚಿನ ಸ್ಲೈಡಿಂಗ್ ಕಿಟಕಿ ಇಲ್ಲಿ ನಡೆಯದು. ಅದರ ಕುಂಚದ ಪಟ್ಟಿ ಗಾಳಿಯನ್ನೇ ಪೂರ್ತಿ ತಡೆಯದು, ಸದ್ದನ್ನೆಲ್ಲಿ ತಡೆದೀತು! ರಬ್ಬರ್ ಪಟ್ಟಿಗೆ ಒತ್ತಿ ಕೂರುವ ಬಾಗಿಲಿನಂಥ ಕಿಟಕಿ ಬೇಕು, ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು ಬೇಕು. ಕಿಟಕಿಯ ಒಳಗೆ 100 ಮಿ.ಮೀ. ಅಂತರ ಬಿಟ್ಟು ಇನ್ನೊಂದು ಕೂರಿಸಿದರೆ ಮಾಮೂಲಿ ಡಬಲ್ ಗಾಜಿಗಿಂತ ಹೆಚ್ಚು ಫಲ. ಮಲಗುವ ಕೋಣೆಗಾದರೂ ಇದನ್ನು ಕಡ್ಡಾಯ ಮಾಡಬಹುದು. ಮರೆಯುವಂಥದ್ದು ಗಾಳಿ: ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಮತ್ತೆ ಸುತ್ತಿಸುತ್ತದೆ. ಒಳಗೆ ಸದ್ದು ಹೀರುವ ಪದರ ಹಚ್ಚಿ, ಒಂದು ತಿರುವು ಕೊಟ್ಟ ಗಾಳಿಕೊಳವೆ, ಅದಕ್ಕೊಂದು ಸಣ್ಣ ಫ್ಯಾನು ಇರಲೇಬೇಕು. ಇಲ್ಲದಿದ್ದರೆ ಒಂದೇ ವಾರದಲ್ಲಿ ಮನೆಯವರು ಕಿಟಕಿ ತೆರೆಯುತ್ತಾರೆ, ಹಾಕಿದ ದುಡ್ಡೆಲ್ಲ ವ್ಯರ್ಥ.

ಅಂಗಳಕ್ಕೆ, ಟೆರೇಸಿಗೆ ಇದ್ಯಾವುದೂ ನೆರವಾಗದು, ಒಪ್ಪಿದೆ. ಅದಕ್ಕೇ ಮೂಲದಲ್ಲೂ ಕತ್ತರಿ ಬೇಕು. ಫ್ರಾಂಕ್‌ಫರ್ಟ್‌ನಲ್ಲಿ 2011ರಲ್ಲಿ ನಾಲ್ಕನೇ ರನ್‌ವೇ ತೆರೆದಾಗ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ಹಾರಾಟಗಳನ್ನು ನಿಲ್ಲಿಸಲಾಯಿತು. ಅಷ್ಟು ಸಾಧ್ಯವಿಲ್ಲವೆನ್ನುವವರು ಕನಿಷ್ಠ ಕ್ರಯಪತ್ರದಲ್ಲೇ ಆ ಸರ್ವೆ ನಂಬರಿನ ರಾತ್ರಿ ಡೆಸಿಬೆಲ್ ನಮೂದಿಸುವುದನ್ನು ಕಡ್ಡಾಯಗೊಳಿಸಲಿ. ಅಂಕಿ ನೋಡಿ ಕೊಳ್ಳುವವರು ಕೊಳ್ಳಲಿ, ಚೌಕಾಸಿ ಮಾಡುವವರು ಮಾಡಲಿ.