ಅಖಂಡ ಸೇವೆಯ ಶಾಲು

ಗಡಿನಾಡಿನ ವಿಶ್ವವಿದ್ಯಾಲಯವೊಂದರ ಆಡಳಿತ ಮಂಡಳಿಯು ಮಾರ್ಚ್ ತಿಂಗಳ ಕೊನೆಯ ವಾರ ಸಭೆ ಸೇರಿ, ಸಂಸ್ಥೆಗೆ ದೀರ್ಘಕಾಲ ಸೇವೆ ಸಲ್ಲಿಸಿದವರನ್ನು ಪ್ರತಿವರ್ಷ ಸನ್ಮಾನಿಸತಕ್ಕದ್ದೆಂದು ಸರ್ವಾನುಮತದಿಂದ ಠರಾವು ಮಾಡಿದೆ. ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಉಳಿದವುಗಳು ತಮ್ಮನ್ನು ಕೈಬಿಟ್ಟದ್ದೇಕೆಂದು ಮುನಿಸಿಕೊಳ್ಳುವ ಸಂಭವವಿರುವುದರಿಂದ ಹೇಳುವುದಿಲ್ಲ. ಅದೇ ಸಭೆಯ ಕಾರ್ಯಸೂಚಿಯಲ್ಲಿ ವಾರ್ಷಿಕ ಅನುದಾನದ ಹಂಚಿಕೆಯೂ ಇತ್ತು. ಶಾಲಿನ ಬಣ್ಣ, ಹಾರದ ಉದ್ದ, ಕಾಸರಗೋಡಿನ ತಲೆಗೆ ಮೈಸೂರಿನ ಪೇಟ ತೊಡಿಸಿದರೆ ಕೇರಳದ ಲೆಕ್ಕಪರಿಶೋಧಕರು ಆಕ್ಷೇಪ ಎತ್ತಬಹುದೇ ಎಂಬಿತ್ಯಾದಿ ಗಹನ ವಿಷಯಗಳ ಚರ್ಚೆ ಬೆಳಗ್ಗಿನಿಂದ ಊಟದ ಹೊತ್ತಿನ ತನಕ ನಡೆಯಿತು. ಅನುದಾನದ ಪಟ್ಟಿ ಪಾಯಸ ಬಡಿಸುವುದರೊಳಗೆ ಅಂಗೀಕಾರವಾಯಿತು.

ಸನ್ಮಾನಕ್ಕೆ ಮಂಡಳಿ ವಿಧಿಸಿದ ಷರತ್ತು ಒಂದೇ: ಹತ್ತು ವರ್ಷಗಳ ಅಖಂಡ ಸೇವೆ. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇಲ್ಲಿಯ ಕನ್ನಡ ವಿಭಾಗದಲ್ಲಿ ಪಾಠ ಮಾಡುವವರು ಬಹುಪಾಲು ಅತಿಥಿ ಉಪನ್ಯಾಸಕರು. ಯಕ್ಷಗಾನದ ಮೇಳದವರಾದರೂ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ತನಕ ಗೆಜ್ಜೆ ಕಟ್ಟುತ್ತಾರೆ, ಇವರ ಗೆಜ್ಜೆಯನ್ನು ಮಾರ್ಚಿಗೇ ಬಿಚ್ಚಿಸಲಾಗುತ್ತದೆ. ಜೂನಿನಲ್ಲಿ ಅದೇ ಮನುಷ್ಯ, ಅದೇ ತರಗತಿಗೆ, ಅದೇ ಪಂಪನನ್ನು ಕಂಕುಳಲ್ಲಿರಿಸಿಕೊಂಡು ಹೊಸಬನಾಗಿ ಬಂದು ಸಂದರ್ಶನಕ್ಕೆ ಕುಳಿತುಕೊಳ್ಳಬೇಕು. ಹೀಗೆ ವರ್ಷಕ್ಕೊಮ್ಮೆ ಸೇವೆಯನ್ನು ತುಂಡರಿಸುವ ಮಂಡಳಿಯೇ ಈಗ, ನಿಮ್ಮ ಸೇವೆ ತುಂಡಾಗಿದೆಯಲ್ಲ ಎಂದು ವಿಷಾದ ವ್ಯಕ್ತಪಡಿಸಿದೆ. ಅತಿಥಿ ಉಪನ್ಯಾಸಕರಿಗೆ ಉಪನ್ಯಾಸವೊಂದಕ್ಕೆ 1,500 ರೂಪಾಯಿಯಂತೆ, ತಿಂಗಳಿಗೆ 50,000 ರೂಪಾಯಿ ಮೀರದಂತೆ ಕೊಡಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ಸೂಚಿಸಿತ್ತು. ಈ ಸೂಚನೆಯಲ್ಲಿ ಮೀರಬಾರದೆಂಬ ಭಾಗವನ್ನು ಮಂಡಳಿ ಅಕ್ಷರಶಃ ಪಾಲಿಸುತ್ತ ಬಂದಿದೆ.

ಅಖಂಡ ಸೇವೆ ಹಾಗಾದರೆ ಯಾರದ್ದು? ಸ್ವತಃ ಮಂಡಳಿಯ ಸದಸ್ಯರದ್ದು! ಅವಧಿ ಮುಗಿದವರನ್ನು ಮರುನಾಮನಿರ್ದೇಶನ ಮಾಡುವ ಆದೇಶ ಒಂದು ದಿನವೂ ತಡವಾಗಿ ಬಂದದ್ದಿಲ್ಲವಾದ್ದರಿಂದ ಅವರ ಸೇವೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಆದಕಾರಣ ಮೊದಲ ವರ್ಷದ ಸನ್ಮಾನವನ್ನು ತಮಗೆ ತಾವೇ ಸಲ್ಲಿಸಿಕೊಳ್ಳುವ ಭಾರವನ್ನು ಅವರು ಒಲ್ಲದ ಮನಸ್ಸಿನಿಂದ ಹೊತ್ತುಕೊಂಡರು. ಮಂಜೇಶ್ವರದ ಗೋವಿಂದ ಪೈಗಳ ಹೆಸರಿನಲ್ಲಿ ಮರಣೋತ್ತರ ಗೌರವವೊಂದಿರಲಿ ಎಂದು ಒಬ್ಬರು ಸಲಹೆ ಕೊಟ್ಟರಂತೆ. ಬಿ.ಎ. ಪೂರ್ತಿಗೊಳಿಸದವರಾದುದರಿಂದಲೂ, ಯಾವ ವಿಶ್ವವಿದ್ಯಾಲಯದ ಹಾಜರಿ ಪುಸ್ತಕದಲ್ಲಿಯೂ ಸಹಿ ಹಾಕದವರಾದುದರಿಂದಲೂ ಅವರು ಅರ್ಹರಾಗುವುದಿಲ್ಲವೆಂದು ನಡಾವಳಿಯಲ್ಲಿ ದಾಖಲಾಗಿದೆ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟ ಮದರಾಸು ಸರಕಾರ ಇಷ್ಟು ಕೂಲಂಕಷವಾಗಿ ಪರಿಶೀಲಿಸಿರಲಾರದು.

ಇದರಿಂದ ನೊಂದ ಅತಿಥಿ ಉಪನ್ಯಾಸಕರೊಬ್ಬರು ಕನ್ನಡದಲ್ಲಿ ಮನವಿ ಬರೆದರು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ ಇಲ್ಲಿಯ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲಿಯೇ ಬರಬೇಕು. ವಿಶ್ವವಿದ್ಯಾಲಯವು ಸರಕಾರದ ಕಚೇರಿಯಲ್ಲವೆಂದು ಜಾರಿಕೊಳ್ಳಬಹುದಾಗಿದ್ದರೂ ಕುಲಸಚಿವರು ಉದಾರಿಗಳು. ಆದರೆ ಕನ್ನಡದಲ್ಲಿ ಉತ್ತರ ಬರೆಯಬಲ್ಲ ಗುಮಾಸ್ತರು ಕಚೇರಿಯಲ್ಲಿ ಯಾರೂ ಇರಲಿಲ್ಲ. “ಮಾಷ್ಟ್ರೇ, ಹೇಗೂ ವಿಷಯ ನಿಮಗೆ ಗೊತ್ತುಂಟಲ್ಲ, ನಿಮ್ಮ ಮನವಿಯನ್ನು ತಿರಸ್ಕರಿಸಿದ್ದೇವೆಂದು ನೀವೇ ಎರಡು ಸಾಲು ಬರೆದುಕೊಡಿ” ಎಂದರು. ಮಾಷ್ಟ್ರು ಬರೆದುಕೊಟ್ಟರು. ಒಕ್ಕಣೆ ಚೆನ್ನಾಗಿದೆಯೆಂದು ಮೆಚ್ಚಿ, ಸನ್ಮಾನದ ಬಿನ್ನವತ್ತಳೆಗಳನ್ನು ಬರೆಯುವ ಹೊಣೆಯನ್ನೂ ಅವರಿಗೇ ವಹಿಸಲಾಯಿತು. “ಚಂದ್ರಗಿರಿಯ ಇಕ್ಕೆಲಗಳಲ್ಲಿ ಜ್ಞಾನದ ದೀವಿಗೆ ಹಿಡಿದ ಮಹನೀಯರೇ” ಎಂದು ಮೊದಲಾಗುವ ಆ ಪಾಠದಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಡಲಾಗಿದೆ. ಸದಸ್ಯರೆಲ್ಲರೂ ಹಿಡಿದದ್ದು ಒಂದೇ ದೀವಿಗೆಯಾದುದರಿಂದ ಬೇರೆ ಬೇರೆ ಬರೆಯುವ ಅಗತ್ಯ ಬೀಳಲಿಲ್ಲ. ಬರೆದ ಕೈಗೆ ಸಂಭಾವನೆ ಕೊಡಲು ಮಾತ್ರ ಲೆಕ್ಕಶೀರ್ಷಿಕೆಯಿರಲಿಲ್ಲ.

ಸನ್ಮಾನಕ್ಕೂ ಲೆಕ್ಕಶೀರ್ಷಿಕೆಯಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಕನ್ನಡ ಪುಸ್ತಕಗಳಿಗೆಂದು ವರ್ಷವಿಡೀ ಕಾದಿದ್ದ ಅನುದಾನ ಅದೇ ವಾರ ಬಂದಿತ್ತು. ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಹಣ ಹಿಂದೆ ಹೋಗುತ್ತದೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಹೀಗೆ ಮುಗಿಬಿದ್ದು ಖರ್ಚು ಮಾಡುವುದು ಹಣಕಾಸಿನ ಶಿಸ್ತಿನ ಉಲ್ಲಂಘನೆಯೆಂದು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಹಣವನ್ನು ಮಾರ್ಚಿನಲ್ಲಿಯೇ ಬಿಡುಗಡೆ ಮಾಡುವವರ ಶಿಸ್ತಿಗೆ ಯಾವ ನಿಯಮವೆಂದು ಕೇಳುವ ಧೈರ್ಯ ಹಣಕಾಸು ಅಧಿಕಾರಿಗೆ ಬರಲಿಲ್ಲ. ಪುಸ್ತಕಗಳಿಗಾದರೆ ಪಟ್ಟಿ ಮಾಡಿ ದರಪಟ್ಟಿ ತರಿಸಬೇಕು, ಶಾಲುಗಳಾದರೋ ಪೇಟೆಯಲ್ಲಿ ಸಿದ್ಧವಾಗಿ ಸಿಗುತ್ತವೆ. ಆದುದರಿಂದ ಗ್ರಂಥಾಲಯದ ಹಣದಲ್ಲಿ ಶಾಲು, ಪೇಟ, ಫಲಕಗಳನ್ನು ಕೊಂಡು, ವಿನಿಯೋಗ ಪ್ರಮಾಣಪತ್ರವನ್ನು ಸಕಾಲದಲ್ಲಿ ಕಳುಹಿಸಿಕೊಡಲಾಯಿತು. ಕನ್ನಡ ವಿಭಾಗಕ್ಕೆ ದೊರೆತ ಹಣ ಪೈಸೆಯೂ ಉಳಿಯದೆ ವಿನಿಯೋಗವಾದದ್ದು ಇದೇ ಮೊದಲೆಂದು ಮಂಡಳಿ ತನ್ನನ್ನು ಅಭಿನಂದಿಸಿಕೊಂಡಿತು.

ತೊಡಕು ಎದುರಾದದ್ದು ಸಮಾರಂಭ ಮುಗಿದ ಮೇಲೆ. ಗ್ರಂಥಾಲಯದ ಹಣದಲ್ಲಿ ಕೊಂಡದ್ದನ್ನು ಗ್ರಂಥಾಲಯದ ದಾಸ್ತಾನಿಗೆ ಸೇರಿಸಲೇಬೇಕು. ಗ್ರಂಥಪಾಲಕರು ಪ್ರತಿಯೊಂದು ಶಾಲಿಗೂ ಸಂಖ್ಯೆ ಬರೆದು, ಮೊಹರು ಒತ್ತಿ, ಡ್ಯೂಯಿ ವರ್ಗೀಕರಣದಂತೆ ಕನ್ನಡ ಸಾಹಿತ್ಯಕ್ಕೆ ಸಲ್ಲುವ 894.814ರ ಕಪಾಟಿನಲ್ಲಿ ಜಾಗ ಮಾಡಿದ್ದಾರೆ. ಜಾಗವಂತೂ ಬೇಕಾದಷ್ಟಿತ್ತು. ಸನ್ಮಾನಿತರು ತಾವು ಹೊದ್ದ ಶಾಲನ್ನು ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸತಕ್ಕದ್ದೆಂದೂ, ತಪ್ಪಿದರೆ ದಿನವೊಂದಕ್ಕೆ ಒಂದು ರೂಪಾಯಿ ದಂಡ ತೆರತಕ್ಕದ್ದೆಂದೂ ಸುತ್ತೋಲೆ ಹೊರಟಿದೆ. ಶಾಲು ಬೇಕಾದ ಅಧ್ಯಾಪಕರು ತಮ್ಮ ಕಾರ್ಡು ತೋರಿಸಿ ಎರವಲು ಪಡೆಯಬಹುದು. ಅತಿಥಿ ಉಪನ್ಯಾಸಕರ ಕಾರ್ಡುಗಳು ಮಾರ್ಚಿಗೆ ರದ್ದಾಗಿರುವುದರಿಂದ ಅವರು ಜೂನಿನಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಬೇಕು.