ಹಪ್ಪಳದ ಹೆಸರೆತ್ತಬೇಡಿ

ನಮ್ಮ ಮನೆಯಲ್ಲಿ ‘ಹಪ್ಪಳ’ ಅನ್ನೋ ಪದಕ್ಕೆ ನಿಷೇಧ ಬಿದ್ದು ಎರಡು ವರ್ಷವಾಯಿತು. ತಿನ್ನೋದಕ್ಕಲ್ಲ, ಹೇಳೋದಕ್ಕೆ. ಸ್ಪ್ಯಾನಿಯಲ್ ನಾಯಿಗೆ ‘ಕೂತ್ಕೋ’ ಅನ್ನಲು ಅದನ್ನು ಪಳಗಿಸುವವರು ‘ಸಿಟ್’ ಅನ್ನುವುದಿಲ್ಲ, ‘ಹಪ್’ ಅನ್ನುತ್ತಾರೆ. ಹಪ್ ಅಂದರೆ ಎಲ್ಲಿದ್ದರೂ ಅಲ್ಲೇ ಕುಂಡೆ ಊರಬೇಕು. ನಮ್ಮ ನಾಯಿ ಬೆಲ್ಲ ಇದನ್ನು ಬಹಳ ಬೇಗ ಕಲಿತಳು. ಒಂದು ಭಾನುವಾರ ಅಡುಗೆಮನೆಯಿಂದ ಹೆಂಡತಿ “ಹಪ್ಪಳ ಕರೀಲಾ?” ಅಂದಳು. ಮೆಟ್ಟಿಲಿಳಿಯುತ್ತಿದ್ದ ಬೆಲ್ಲ ನಡುವಲ್ಲೇ ಟಪ್ ಅಂತ ಕೂತಳು. ಹಿಂದೆ ಒಗೆಯುವ ಬಟ್ಟೆಯ ಬುಟ್ಟಿ ಹೊತ್ತು ಬರುತ್ತಿದ್ದ ನಾನು ಅವಳನ್ನು ತುಳಿಯಬಾರದೆಂದು ಹಾರಿ, ಉಳಿದ ಆರು ಮೆಟ್ಟಿಲನ್ನು ಒಟ್ಟಿಗೇ ಇಳಿದೆ.

ಆಗ ಅಮ್ಮ ಊರಿಂದ ಬಂದಿದ್ದರು. ನಾನು ಸೊಂಟ ಹಿಡಿದುಕೊಂಡು ಏಳುತ್ತಿದ್ದರೆ ಅವರು ನಾಯಿಯನ್ನು ನೋಡಿ “ಎಷ್ಟು ಸಂಸ್ಕಾರ ನೋಡು, ಊಟದ ಹೆಸರೆತ್ತಿದರೆ ಕೂರತ್ತೆ” ಅಂತ ಹಪ್ಪಳದ ಚೂರೊಂದು ಕೊಟ್ಟರು. ಇದ್ದ ಆರು ತಿಂಗಳೂ ಕೊಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಾವಿರೋದು ನ್ಯೂಜೆರ್ಸಿಯಲ್ಲಿ. ಐದು ದಿನ ಕಂಪ್ಯೂಟರ್ ಮುಂದೆ ಕೂತು, ಉಳಿದೆರಡು ದಿನ ಬೇರೆಯವರು ಗಾಲ್ಫ್ ಆಡಲಿ ಬಿಡಲಿ, ನಾನು ಮಾತ್ರ ನಾಯಿ ಕಟ್ಟಿಕೊಂಡು ಫೀಲ್ಡ್ ಟ್ರಯಲ್ ಅನ್ನೋ ಬೇಟೆನಾಯಿಗಳ ಸ್ಪರ್ಧೆ ಅಂತ ಹೊಲ ಹೊಲ ಅಲೆಯುತ್ತೇನೆ. ಆಟ ಹೀಗೆ. ಎರಡು ನಾಯಿಗಳನ್ನು ಅಕ್ಕಪಕ್ಕ ಬಿಡುತ್ತಾರೆ, ಒಂದೊಂದಕ್ಕೂ ಒಬ್ಬ ತೀರ್ಪುಗಾರ, ಜೊತೆಗೆ ಬಂದೂಕಿನವರು. ನಾಯಿ ಗಾಳಿಯ ವಾಸನೆ ಹಿಡಿದು ಅಡ್ಡಡ್ಡ ಓಡುತ್ತಾ, ಆದರೆ ಬಂದೂಕಿನ ಗುಂಡು ತಲುಪುವ ದೂರ ದಾಟದೆ, ಹುಲ್ಲಿನಲ್ಲಿ ಅಡಗಿರುವ ಫೆಸೆಂಟ್ ಹಕ್ಕಿಯನ್ನು ಹಾರಿಸಬೇಕು. ಹಕ್ಕಿ ಹಾರಿತೋ, ನಾಯಿ ಕೂರಬೇಕು. ಗುಂಡು ಹಾರಿದರೂ, ಹಕ್ಕಿ ಮೂಗಿನ ಮುಂದೆಯೇ ಬಿದ್ದರೂ ಅಲ್ಲಾಡಬಾರದು. ಹೋಗು ಅಂದಮೇಲೆ ಹೋಗಿ, ಹಲ್ಲು ತಾಗಿಸದೆ ತಂದು ಕೈಗೆ ಕೊಡಬೇಕು. ಇಂಗ್ಲೆಂಡಿನಲ್ಲಿ ಇದು 1899ರಿಂದ ನಡೆಯುತ್ತಿದೆ. ಅಮೆರಿಕದಲ್ಲಿ ಸ್ಪ್ರಿಂಗರ್ ಅನ್ನೋ ತಳಿಯ ಸ್ಪ್ಯಾನಿಯಲ್‌ಗಳ ಮೊದಲ ಟ್ರಯಲ್ ಆಗಿದ್ದು 1924ರಲ್ಲಿ, ನ್ಯೂಯಾರ್ಕ್ ರಾಜ್ಯದ ಫಿಷರ್ಸ್ ಐಲೆಂಡಿನಲ್ಲಿ. ಅಂದರೆ ನೂರು ವರ್ಷದಿಂದ ಜನ ನಾಯಿಗೆ “ಓಡು ಓಡು, ಓಡಬೇಡ” ಅಂತ ಹೇಳಿಕೊಡುತ್ತಿದ್ದಾರೆ.

ಇದರಲ್ಲಿ ನಾನು ಅಮೆಚೂರ್. ಬೇರೆಯವರ ನಾಯಿ ಪಳಗಿಸಿ ದುಡ್ಡು ತಗೊಳ್ಳದವನು ಅಂತ ಅರ್ಥ. ನನ್ನ ಈ ಅರ್ಹತೆಗೆ ಸದ್ಯಕ್ಕೆ ಯಾವ ಅಪಾಯವೂ ಕಾಣುತ್ತಿಲ್ಲ.

ಇನ್ನೊಂದು ವಿಷಯ. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಆದರೆ ತರಬೇತಿಗೆ ಸತ್ತ ಪಾರಿವಾಳ ಬೇಕು, ಅದನ್ನು ಫ್ರೀಜರಿನಲ್ಲಿ ಇಟ್ಟಿರಬೇಕು. ಅದಕ್ಕೇ ಗ್ಯಾರೇಜಿನಲ್ಲಿ ಬೇರೆ ಫ್ರಿಜ್ಜು ಇಟ್ಟಿದ್ದೆ. ಅದು ಕೆಟ್ಟ ದಿನ, ಒಂದೇ ರಾತ್ರಿಗೆ ಅಂತ, ಎರಡು ಪಾರಿವಾಳವನ್ನು ಕಾಗದದಲ್ಲಿ ಸುತ್ತಿ ಒಳಗಿನ ಫ್ರೀಜರಿನಲ್ಲಿ ಕಾಯಿತುರಿಯ ಪಕ್ಕ ಇಟ್ಟೆ. ಮರುದಿನ ಸಂಕಷ್ಟಿ ಅನ್ನೋದು ನನಗೆ ಗೊತ್ತಿರಲಿಲ್ಲ. ಅಮ್ಮ ಕಡುಬಿಗೆ ಅಂತ ಪೊಟ್ಟಣ ಬಿಚ್ಚಿದರು. ಕಿರುಚಲಿಲ್ಲ. ಹಾಗೇ ಮಡಿಚಿಟ್ಟು, ಹೋಗಿ ತಲೆಗೆ ಸ್ನಾನ ಮಾಡಿ ಬಂದು, “ನನ್ನ ಟಿಕೆಟ್ ಯಾವತ್ತಿಗಿದೆ ನೋಡು” ಅಂದರು.

ಅದಕ್ಕೂ ಮೊದಲೇ ಅವರಿಗೆ ನನ್ನ ಮೇಲೆ ಅನುಮಾನ ಇತ್ತು ಬಿಡಿ. ಬಂದೂಕಿನವರಿಗೆ ಕಾಣಲಿ ಅಂತ ಟ್ರಯಲ್‌ಗೆ ಹೊರಡುವಾಗ ಕೇಸರಿ ಟೋಪಿ, ಕೇಸರಿ ಜಾಕೆಟ್ಟು ತೊಡುತ್ತೇವೆ. ಬೆಳಗಿನ ಜಾವ ನಾಲ್ಕಕ್ಕೆ ಆ ವೇಷದಲ್ಲಿ ಬಾಗಿಲು ತೆಗೆಯುವಾಗ ಅಮ್ಮ ಎದ್ದು ಬಂದು “ಹೆಂಡತಿ ಜೊತೆ ಜಗಳ ಆಡಿದ್ಯೇನೋ? ಸನ್ಯಾಸಕ್ಕೆ ಹೊರಟ್ಯಾ?” ಅಂತ ಗಾಬರಿಯಾಗಿದ್ದರು.

ಟ್ರಯಲ್‌ನಲ್ಲಿ ಹೊಸಬರಿಗೆ ಕೊಡೋ ಕೆಲಸ ಹಕ್ಕಿ ಇಡೋದು. ಫೆಸೆಂಟಿನ ತಲೆಯನ್ನು ರೆಕ್ಕೆಯೊಳಗೆ ತೂರಿಸಿ, ನಾಲ್ಕು ಸುತ್ತು ತಿರುಗಿಸಿದರೆ ಅದಕ್ಕೆ ತಲೆಸುತ್ತು ಬಂದು ಹುಲ್ಲಿನಲ್ಲಿ ಸುಮ್ನೆ ಕೂರುತ್ತದೆ. ನಾನು ತಿರುಗಿಸಿದರೆ ಇಬ್ಬರಿಗೂ ಬರುತ್ತದೆ. ಈ ಫೆಸೆಂಟ್ ಕೂಡ ನಮ್ಮ ಹಾಗೇ ಏಷ್ಯಾದಿಂದ ಬಂದದ್ದು. 1880ರ ದಶಕದಲ್ಲಿ ಶಾಂಘೈನಿಂದ ಒರೆಗಾನ್‌ಗೆ ಹಡಗಿನಲ್ಲಿ ತಂದುಬಿಟ್ಟರು. ವೀಸಾ ತಾಪತ್ರಯ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಬದುಕಿರುವ ಹಕ್ಕಿಯಾದರೆ ಹೇಗೋ ಹಿಡಿಯುತ್ತೇನೆ. ಬೆಲ್ಲ ಬೆಚ್ಚಗಿನ ಸತ್ತ ಹಕ್ಕಿ ತಂದು ಮುಖ ಎತ್ತಿದಾಗ ಮಾತ್ರ ನನ್ನ ಕಾಲು ತಾನಾಗೇ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಅವಳು ಇದೊಂದು ಆಟ ಅಂದುಕೊಂಡು ಹಕ್ಕಿ ಕಚ್ಚಿಕೊಂಡು ನನ್ನ ಸುತ್ತ ಪ್ರದಕ್ಷಿಣೆ ಶುರು ಮಾಡುತ್ತಾಳೆ. ಮೊದಲ ಎರಡು ಟ್ರಯಲ್ ಹೀಗೇ ಹೋದವು. ಎರಡು ಸಲವೂ ತೀರ್ಪುಗಾರರು ನಾಯಿಯನ್ನು ನೋಡದೆ ನನ್ನನ್ನೇ ನೋಡಿ ಬರೆದುಕೊಂಡರು.

ಮೂರನೆಯದು ಪೆನ್ಸಿಲ್ವೇನಿಯಾದಲ್ಲಿ. ಮೂರು ಗಂಟೆ ಡ್ರೈವ್, ಹತ್ತು ನಿಮಿಷದ ಓಟ. ಪಕ್ಕದ ಸಾಲಿನಲ್ಲಿ ಓಡುವ ನಾಯಿಯ ಹೆಸರು ಬೆಲಾ. ಅಮೆರಿಕದಲ್ಲಿ ಪ್ರತಿ ಬೀದಿಯಲ್ಲೂ ಒಂದು ಬೆಲಾ ಇರುತ್ತದೆ ಅನ್ನೋದು ನಾವು ಬೆಲ್ಲದ ಬಣ್ಣ ನೋಡಿ ಹೆಸರಿಟ್ಟಾಗ ಹೊಳೆದಿರಲಿಲ್ಲ. ಇರಲಿ. ಅವತ್ತು ನಮ್ಮವಳು ಓಡಿದ್ದು ಹೇಗಂತೀರಾ! ಮೂಗು ಕೆಳಗೆ, ಕಿವಿ ಮೇಲೆ, ಐದನೇ ನಿಮಿಷಕ್ಕೆ ಒಂದು ಹುಂಜ ಫೆಸೆಂಟ್ ಎಬ್ಬಿಸಿದಳು. ಗುಂಡು ಹಾರಿತು, ಹಕ್ಕಿ ಬಿತ್ತು, ಬೆಲ್ಲ ಕೂರಲಿಲ್ಲ. ಅರ್ಧ ಕೂತು, ಇನ್ನೇನು ನೆಗೆಯುತ್ತಾಳೆ ಅನ್ನುವ ಹಾಗೆ ನಡುಗುತ್ತಿದ್ದಳು. ಸೀಟಿ ಊದೋಣ ಅಂದರೆ ಅದರ ದಾರ ಜಾಕೆಟ್ಟಿನ ಜಿಪ್ಪಿಗೆ ಸಿಕ್ಕಿಕೊಂಡಿದೆ. ಗಾಬರಿಯಲ್ಲಿ ಬಾಯಿಂದ ಬಂದಿದ್ದು ‘ಹಪ್’ ಅಲ್ಲ, “ಹಪ್ಪಳ!”

ಬೆಲ್ಲ ಕಲ್ಲಿನ ಹಾಗೆ ಕೂತಳು. ಪಕ್ಕದ ಬೆಲಾ ಕೂಡ ಕೂತಿತು. ಅದರ ಯಜಮಾನರು ನನ್ನತ್ತ ನೋಡಿದ್ದನ್ನು ನಾನು ನೋಡಲಿಲ್ಲ ಅಂತ ತೋರಿಸಿಕೊಂಡೆ. ತೀರ್ಪುಗಾರರು ತಲೆಯಾಡಿಸಿದರು. ಹೆಸರು ಕರೆದರೆ ಹೋಗಿ ತರಬೇಕು. ನಾನು ಎದೆಯುಬ್ಬಿಸಿ “ಬೆಲ್ಲಾ!” ಅಂದೆ.

ಬೆಲ್ಲ ತಿರುಗಿ, ನೇರ ನನ್ನ ಹತ್ತಿರ ಬಂದು, ಎದುರಿಗೆ ಕೂತು, ನಾಲಿಗೆಯಿಂದ ಮೂತಿ ಸವರಿಕೊಂಡು ನನ್ನ ಜೇಬು ನೋಡತೊಡಗಿದಳು. ಅಮ್ಮನ ಚೂರು ಎಲ್ಲಿ ಅಂತ. ಅಷ್ಟರಲ್ಲಿ ಹುಲ್ಲು ಸರಿಸಿಕೊಂಡು ನಮ್ಮ ಹಕ್ಕಿಯನ್ನು ಬಾಯಲ್ಲಿ ಹಿಡಿದು ಅಚ್ಚುಕಟ್ಟಾಗಿ ಓಡಿ ಬಂದದ್ದು ಬೆಲಾ. ಬಂದು ನನ್ನ ಮುಂದೆಯೇ ಮುಖ ಎತ್ತಿತು. ನಾನು ಒಂದು ಹೆಜ್ಜೆಯೂ ಹಿಂದೆ ಇಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಬಗ್ಗಿ, ಪ್ರಸಾದ ತಗೊಂಡ ಹಾಗೆ ಎರಡೂ ಕೈಯೊಡ್ಡಿ ಹಕ್ಕಿ ಇಸ್ಕೊಂಡೆ.